ಪರದೆಯ ಕೆಳಗಿಂದ ಬಂದ ಚೀಟಿ

21 ಅಕ್ಟೋಬರ್ 2025, ಮಂಗಳವಾರ. ಕೊಳ್ಳೇಗಾಲ

ಈ ಡೈರಿಯನ್ನು ಕನ್ನಡದಲ್ಲಿ ಬರೆಯುವುದಕ್ಕೆ ಒಂದೇ ಕಾರಣ. ನನ್ನ ಹೆಂಡತಿ ರಹಮತ್‌ಗೆ ಕನ್ನಡ ಓದಲು ಬರುವುದಿಲ್ಲ. ಹಿಂದೆ ಉರ್ದುವಿನಲ್ಲಿ ಬರೆಯುತ್ತಿದ್ದಾಗ ಕದ್ದು ಓದಿ, 'ನನ್ನ ಸಾರಿಗೆ ಉಪ್ಪು ಜಾಸ್ತಿ ಅಂತ ಪುಸ್ತಕದಲ್ಲಿ ದೂರು ಬರೆದಿಟ್ಟಿದ್ದೀರಲ್ಲ' ಎಂದು ಎರಡು ದಿನ ಮಾತು ಬಿಟ್ಟಿದ್ದಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಗಂಡಸಿಗೂ ಒಂದು ಪರದೆ ಬೇಕಾಗುತ್ತದೆ.

ಬೆಳಿಗ್ಗೆ ಸನ್ಮಾನ ಸಮಿತಿಯವರು ಬಂದಿದ್ದರು. ನವೆಂಬರ್ 16ಕ್ಕೆ ಸಮಾರಂಭ ಗಟ್ಟಿಯಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ನನ್ನ ಪುಸ್ತಕದ ಎರಡನೇ ಮುದ್ರಣದ ಬಿಡುಗಡೆ. ನಾನು ಮಾತಾಡಬೇಕಾದ ವಿಷಯವನ್ನೂ ಅವರೇ ಕೊಟ್ಟರು: 'ವಿದ್ವಾಂಸನ ಸಾಮಾಜಿಕ ಹೊಣೆ'. ಇವರಿಗೆ ಹೊಣೆ ಅಂದರೆ ಏನೆಂದು ಗೊತ್ತಿದ್ದಿದ್ದರೆ ಮೈಕಿನವನನ್ನು ಮೊದಲೇ ಗೊತ್ತು ಮಾಡುತ್ತಿದ್ದರು. ಇರಲಿ. ನಲವತ್ತು ವರ್ಷ ಈ ಮೊಹಲ್ಲೆಗೆ ಖಾಜಿಯಾಗಿ, ಶರೀಅತ್ತಿನ ಪ್ರಶ್ನೆಗಳಿಗೆ ಉತ್ತರ ಬರೆದವನನ್ನು ಈಗಲಾದರೂ ನೆನಪಿಸಿಕೊಂಡರಲ್ಲ. ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಪುಸ್ತಕದಲ್ಲಿ ಎಲ್ಲರೂ ಹೊಗಳುವುದು ಒಂದೇ ಲೇಖನವನ್ನು. ಕಾಣೆಯಾದ ಗಂಡನ ಹೆಂಡತಿ ಎಷ್ಟು ಕಾಲ ಕಾಯಬೇಕು ಎಂಬ ನಲವತ್ತು ಪುಟ. ಭಾಷಣಕ್ಕೂ ಅದೇ ಆಗುತ್ತದೆ ಎಂದುಕೊಂಡು, ಅರಬ್ಬಿ ಗ್ರಂಥದ ನಾಲ್ಕನೇ ಸಂಪುಟ ತೆಗೆದೆ. ನಡುವಿನಿಂದ ಒಂದು ಚೀಟಿ ಬಿತ್ತು. ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆ, ಉರ್ದು ಬರಹ, ನಾಲ್ಕು ಮಡಿಕೆ. ಗುರುತಿಗೆಂದು ನಾನೇ ಇಟ್ಟಿರಬೇಕು.

'ಖಾಜಿ ಬದರುದ್ದೀನ್ ಸಾಹೇಬರಿಗೆ ಸಲಾಂ. ನನ್ನ ಗಂಡ ಬೋರ್‌ವೆಲ್ ಲಾರಿ ಜೊತೆ ಕೆಲಸಕ್ಕೆ ಹೋಗಿ ಆರು ವರ್ಷ ಆಯಿತು. ಸತ್ತ ಸುದ್ದಿ ಇಲ್ಲ, ಬದುಕಿರುವ ಸುದ್ದಿ ಇಲ್ಲ. ನನ್ನನ್ನು ಮದುವೆ ಆಗುತ್ತೇನೆ ಅನ್ನುವವರು ಒಬ್ಬರು ಇದ್ದಾರೆ. ಆಗಬಹುದಾ, ಆಗಬಾರದಾ, ಎರಡರಲ್ಲಿ ಒಂದು ಹೇಳಿ. ಜೈತೂನ್ ಬೀ, ಮಾಂಬಳ್ಳಿ. 11-7-2016.'

ನಮ್ಮ ಮನೆಯ ಪದ್ಧತಿ ನನ್ನ ತಂದೆಯ ಕಾಲದ್ದು. ಸಂಜೆ ಅಸರ್ ನಮಾಜಿನ ನಂತರ ಹೆಂಗಸರು ಪ್ರಶ್ನೆ ತರುತ್ತಾರೆ. ಜಗಲಿಗೂ ನನ್ನ ಓದುವ ಕೋಣೆಗೂ ನಡುವೆ ಹಸಿರು ಪರದೆ. ಅದರ ಕೆಳಗಿಂದ ಚೀಟಿ ತಳ್ಳುತ್ತಾರೆ. ಅವರ ಮುಖ ನಾನು ನೋಡುವುದಿಲ್ಲ. ಸಣ್ಣ ವಿಷಯವಾದರೆ ಬಾಯಲ್ಲಿ ಹೇಳುತ್ತೇನೆ, ದೊಡ್ಡದಾದರೆ ಬರೆದು ಮೊಹರು ಒತ್ತಿ ಕೊಡುತ್ತೇನೆ.

ಈ ಚೀಟಿಯ ಬೆರಳುಗಳು ನೆನಪಾದವು. ಬಿಳಿಚಿಕೊಂಡು, ನೆನೆದು, ತುದಿಯಲ್ಲಿ ಚರ್ಮ ಸುಕ್ಕುಗಟ್ಟಿದ್ದ ಬೆರಳುಗಳು. ಮಾಂಬಳ್ಳಿಯಲ್ಲಿ ರೇಷ್ಮೆ ಗೂಡನ್ನು ಬಿಸಿನೀರಿನಲ್ಲಿ ಅದ್ದಿ ನೂಲು ತೆಗೆಯುವ ಹೆಂಗಸರ ಕೈ ಹಾಗೇ ಇರುತ್ತದೆ. ನನ್ನ ನಲವತ್ತು ಪುಟ ಹುಟ್ಟಿದ್ದು ಈ ಚೀಟಿಯಿಂದಲೇ.

ಅವಳಿಗೆ ಏನು ಹೇಳಿದೆ? ಜ್ಞಾಪಕಕ್ಕೆ ಬರುತ್ತಿಲ್ಲ. ಹೇಳಿರುತ್ತೇನೆ. ಹೇಳದೆ ಬಿಡುವವನಲ್ಲ ನಾನು. ಚೀಟಿಯನ್ನು ಮೇಜಿನ ಡ್ರಾಯರಿಗೆ ಹಾಕಿದೆ.

23 ಅಕ್ಟೋಬರ್, ಗುರುವಾರ

ಚೀಟಿ ಮತ್ತೆ ನಾಲ್ಕನೇ ಸಂಪುಟದೊಳಗಿತ್ತು.

ಡ್ರಾಯರಿಗೆ ಹಾಕಿದ್ದೆ ಎಂದು ಬರೆದೇ ಇದ್ದೇನೆ. ಮೇಲಿನ ಪುಟ ತಿರುಗಿಸಿ ನೋಡಿದೆ, ನನ್ನದೇ ಅಕ್ಷರ. ಅರವತ್ತನಾಲ್ಕಕ್ಕೇ ಅರಳುಮರಳಾದರೆ ಸಮಿತಿಯವರು ಶಾಲನ್ನು ಯಾರಿಗೆ ಹೊದಿಸುತ್ತಾರೆ? ಈ ಸಲ ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಬೀಗದ ಕೈ ಎಂದಿನಂತೆ ಮೊಳೆಗೆ ತೂಗುಹಾಕಿದೆ.

ಸಂಜೆ ಕೋಣೆಯೊಳಗೆ ಬೆಂದ ಗೂಡಿನ ವಾಸನೆ ಬಂತು, ಆ ಕಮಟು ವಾಸನೆ. ಈ ಬೀದಿಯಲ್ಲಿ ಗೂಡು ಬೇಯಿಸುವವರು ಯಾರೂ ಇಲ್ಲ. ರಹಮತ್‌ಳನ್ನು ಕೇಳಿದೆ. 'ನನಗೇನೂ ಬರುತ್ತಿಲ್ಲ' ಎಂದಳು, ಬೆಳ್ಳುಳ್ಳಿ ಬಿಡಿಸುತ್ತಾ, ತಲೆ ಎತ್ತದೆ.

27 ಅಕ್ಟೋಬರ್, ಸೋಮವಾರ

ನನಗೆ ಹೆದರಿಕೆಯಾಗಿದೆ. ಇಲ್ಲಿ ಬರೆದರೆ ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ.

ಇವತ್ತು ಚೀಟಿ ಸಿಕ್ಕಿದ್ದು ನನ್ನ ಸ್ವಂತ ಪುಸ್ತಕದೊಳಗೆ, ಆ ಲೇಖನದ ಕೊನೆಯ ಪುಟದಲ್ಲಿ. ಡ್ರಾಯರಿನ ಬೀಗ ಹಾಕಿದ್ದಂತೆಯೇ ಇತ್ತು.

ಅಸರ್ ಮುಗಿಸಿ ಬಂದು ಕೂತೆ. ಪರದೆಯ ಕೆಳಗೆ ಬೆರಳು ಕಂಡವು. ಅವೇ. 'ಯಾರಮ್ಮಾ?' ಎಂದೆ. ಎದ್ದು ಪರದೆ ಸರಿಸಿದೆ. ನಲವತ್ತು ವರ್ಷದಲ್ಲಿ ಆ ಹೊತ್ತಿನಲ್ಲಿ ಪರದೆ ಸರಿಸಿದ್ದು ಇದೇ ಮೊದಲು. ಜಗಲಿಯಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

ಆಮೇಲೆ ಎಲ್ಲ ನೆನಪಾಯಿತು. ಅವಳು ಬಂದಿದ್ದು ಒಂದು ಸಲ ಅಲ್ಲ. ಮೊದಲ ಸಲ 'ಒಂದು ವಾರ ಬಿಟ್ಟು ಬಾ' ಎಂದೆ. ಎರಡನೆಯ ಸಲ 'ನೋಡುತ್ತಿದ್ದೇನೆ' ಎಂದೆ. ಮೂರನೆಯ ಸಲ 'ಇದು ಸಣ್ಣ ವಿಷಯವಲ್ಲ ತಾಯಿ, ಅವಸರ ಮಾಡಬೇಡ' ಎಂದೆ. ನಿಜಕ್ಕೂ ಸಣ್ಣ ವಿಷಯವಾಗಿರಲಿಲ್ಲ. ನಮ್ಮ ಹನಫಿ ಪಂಥದ ಹಳೆಯ ಗ್ರಂಥಗಳ ಪ್ರಕಾರ ಗಂಡನ ವಾರಗೆಯವರೆಲ್ಲ ಸಾಯುವವರೆಗೂ ಹೆಂಡತಿ ಕಾಯಬೇಕು, ಅಂದರೆ ಆಯುಸ್ಸಿಡೀ. ಮಾಲಿಕಿ ಪಂಥದಲ್ಲಿ ನಾಲ್ಕೇ ವರ್ಷ. ಹೆಂಗಸರ ಗೋಳು ನೋಡಲಾಗದೆ ನಮ್ಮ ಹಿಂದಿನ ವಿದ್ವಾಂಸರು ಆ ನಾಲ್ಕು ವರ್ಷದ ಮಾತನ್ನೇ ತಮ್ಮದು ಮಾಡಿಕೊಂಡರು. ಖಾಜಿ ವಿಚಾರಣೆ ಮಾಡಿ ಮದುವೆ ಮುಗಿಯಿತೆಂದು ತೀರ್ಪು ಕೊಡಬೇಕು. ಆಮೇಲೆ ಅವಳು ವಿಧವೆಯ ಇದ್ದತ್, ಅಂದರೆ ನಾಲ್ಕು ತಿಂಗಳು ಹತ್ತು ದಿನ, ಕಳೆಯಬೇಕು. ಅಷ್ಟೇ. ವಿಷಯ ಗೊತ್ತಾದದ್ದು ಎರಡನೆಯ ವಾರಕ್ಕೇ. ಆದರೆ ಯಾರು ಯಾವಾಗ ಯಾವ ಕಾರಣಕ್ಕೆ ಒಪ್ಪಿದರು, ಯಾರು ಒಪ್ಪಲಿಲ್ಲ ಎಂದು ಹುಡುಕುತ್ತಾ ಹೋದಂತೆ ಎಷ್ಟು ರುಚಿ ಹತ್ತಿತೆಂದರೆ ಊಟ ತಣ್ಣಗಾಗುತ್ತಿತ್ತು. ಬರೆದೆ. ದೂರದ ಊರಿನ ಉರ್ದು ಮಾಸಪತ್ರಿಕೆಯಲ್ಲಿ ಅಚ್ಚಾಯಿತು.

ಕೊನೆಯ ಸಾಲುಗಳನ್ನು ಇವತ್ತು ಮತ್ತೆ ಓದಿದೆ. 'ವಿಚಾರಣೆ ಮುಗಿಸಿ, ಈ ಹೆಂಗಸಿನ ಹಿಂದಿನ ಮದುವೆ ಇಂದಿಗೆ ಮುಗಿಯಿತೆಂದೂ ಇದ್ದತ್ ಕಳೆದ ಮೇಲೆ ಅವಳು ಸ್ವತಂತ್ರಳೆಂದೂ ಖಾಜಿಯಾಗಿ ತೀರ್ಪು ಕೊಟ್ಟಿದ್ದೇನೆ. 30 ಸೆಪ್ಟೆಂಬರ್ 2016.'

ಪತ್ರಿಕೆಗೆ ಮುನ್ನೂರು ಚಂದಾದಾರರು. ಅವಳ ಮದುವೆ ಮುಗಿದದ್ದು ಆ ಮುನ್ನೂರು ಜನಕ್ಕೆ ಗೊತ್ತಾಯಿತು. ಅವಳಿಗೆ ನಾನು ಹೇಳಲಿಲ್ಲ. ಹೇಳಲಿಲ್ಲ ಎಂದು ಈಗ ಖಾತ್ರಿಯಾಗಿ ನೆನಪಿದೆ.

30 ಅಕ್ಟೋಬರ್, ಗುರುವಾರ

ಭಾಷಣ ಒಂದು ಸಾಲೂ ಮುಂದೆ ಹೋಗಿಲ್ಲ. ಸಂಜೆ ಮತ್ತೆ ಬೆರಳು. ನಾಡಿದ್ದು ಮಾಂಬಳ್ಳಿಗೆ ಹೋಗುತ್ತೇನೆ. ಒಂಬತ್ತು ವರ್ಷದಿಂದ ಕಾಯುತ್ತಾ ಕೂತಿದ್ದರೆ ಅವಳಿಗೀಗ ಎಷ್ಟು ವಯಸ್ಸು?

1 ನವೆಂಬರ್, ಶನಿವಾರ

ಬಸ್ಸಿನ ಮುಂದೆ ರಾಜ್ಯೋತ್ಸವದ ಬಾವುಟ, ಒಳಗೆ ಕಾಲಿಡಲು ಜಾಗವಿಲ್ಲ. ಮಾಂಬಳ್ಳಿಯಲ್ಲಿ ಇಳಿದಾಗ ಎದುರಿಗೆ ಬಂದ ಪ್ರತಿ ಹೆಂಗಸಿನ ಕೈ ನೋಡಿದೆ. ಮುಖ ಗೊತ್ತಿಲ್ಲದವರನ್ನು ಹುಡುಕುವುದು ಹೇಗೆ? ಒಬ್ಬಳು ಸೆರಗು ಎಳೆದುಕೊಂಡು ದುರುಗುಟ್ಟಿ ನೋಡಿದಳು. ತೋಬಾ, ಈ ಗಡ್ಡ ಇಟ್ಟುಕೊಂಡು ಇನ್ನೇನು ಅನ್ನಿಸಿಕೊಳ್ಳಬೇಕಿತ್ತೋ.

ನೂಲು ತೆಗೆಯುವ ಶೆಡ್ಡಿನಲ್ಲಿ ದೇವಮ್ಮ ಎಂಬ ಮುದುಕಿ ಸಿಕ್ಕಳು. ಜೈತೂನ್ ಪಕ್ಕದ ಬಾಣಲೆಯಲ್ಲಿ ಹತ್ತು ವರ್ಷ ಕೆಲಸ ಮಾಡಿದವಳು. ಹೆಸರು ಹೇಳಿದ ತಕ್ಷಣ ಕೈ ನೀರಿನಿಂದ ತೆಗೆದಳು.

'ಜೈತೂನಾ? ಅವ್ಳು ಈ ಊರ್ ಬುಟ್ಟು ಎಂಟ್ ವರ್ಸದ ಮೇಲಾಯ್ತು ಕಣ್ರಿ. ಗೂಡು ಯಾಪಾರದ ನಸ್ರುಲ್ಲಾನ್ ಮದ್ವೆ ಆಗಿ ಅಜ್ಜೀಪುರದ ಕಡೀಕ್ ಓದ್ಲು.'

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಕಾಯಲಿಲ್ಲ ಅವಳು! ಅಲ್ಹಮ್ದುಲಿಲ್ಲಾ ಎಂದುಕೊಂಡೆ. ಆಮೇಲೆ ಕೇಳಿದೆ, ಮದುವೆಯಾಗಬಹುದು ಅಂತ ಅವಳಿಗೆ ಹೇಳಿದ್ದು ಯಾರು?

'ಕೊಳ್ಳೇಗಾಲದ ಖಾಜಿಗಳ ಮನೆಯಿಂದ್ಲೇ ಅಪ್ಪಣೆ ಆಯ್ತು ಅಂದ್ಲು. ನಾಕ್ ತಿಂಗ್ಳು ಅತ್ ದಿನಾವ ಗ್ವಾಡೆ ಮೇಲೆ ಇದ್ದಿಲಲ್ಲಿ ಗೆರೆ ಎಳ್ದು ಎಣಿಸ್ತಿದ್ಲು ಪಾಪ. ಯಾಕ್ ಸಾಬ್ರೇ, ನೀವು ಯಾರು?'

ನಾನು ಯಾರೆಂದು ಹೇಳಲಿಲ್ಲ. ಬಸ್ಸಿನಲ್ಲಿ ಕೂತಾಗ ಸಿಟ್ಟು ನೆತ್ತಿಗೇರಿತು. ನಾನು ಕೊಡದ ಅಪ್ಪಣೆಯನ್ನು ನನ್ನ ಹೆಸರಿನಲ್ಲಿ ಹೇಳಿಕೊಂಡು ಮದುವೆಯಾಗಿದ್ದಾಳೆ. ಇಷ್ಟು ದಿನ ನಾನು ಸಂಕಟಪಟ್ಟಿದ್ದು ಒಬ್ಬ ಸುಳ್ಳುಗಾತಿಗಾಗಿ!

2 ನವೆಂಬರ್, ಭಾನುವಾರ

ನಿನ್ನೆ ಮನೆಗೆ ಬಂದವನೇ ರಹಮತ್ ಮುಂದೆ ಕೂಗಾಡಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. ಹೇಳಿದ್ದೆಲ್ಲ ಉರ್ದುವಿನಲ್ಲಿ. ನೆನಪಿದ್ದಷ್ಟನ್ನು ಕನ್ನಡಕ್ಕೆ ಇಳಿಸುತ್ತೇನೆ.

'ಅವಳು ಸುಳ್ಳು ಹೇಳಿಲ್ಲ. ಹೇಳಿದ್ದು ನಾನು. ನಾಲ್ಕನೇ ಸಲ ಬಂದಾಗ ನೀವು ಮಸೀದಿಯಲ್ಲಿದ್ದಿರಿ. ಹಿಂದಿನ ರಾತ್ರಿ ತಾನೇ ಕೊನೆಯ ಪುಟವನ್ನು ನನಗೆ ಗಟ್ಟಿಯಾಗಿ ಓದಿ ಹೇಳಿ, ಹೇಗಿದೆ ಅಂತ ಕೇಳಿದ್ದಿರಿ. ಚೆನ್ನಾಗಿದೆ ಅಂದಿದ್ದೆ. ಪರದೆಯ ಆಚೆ ಆ ಹುಡುಗಿ ಅಳುತ್ತಾ ಕೂತಿದ್ದಳು. ಹೋಗಮ್ಮ, ನಿನ್ನದು ಮುಗಿದಿದೆ, ಖಾಜಿಗಳು ತೀರ್ಮಾನ ಮಾಡಿದ್ದಾರೆ, ಇದ್ದತ್ ಎಣಿಸಿಕೋ ಅಂದೆ. ನೀವು ಕಾಗದ ಕೊಟ್ಟೇ ಕೊಡುತ್ತೀರಿ ಅಂದುಕೊಂಡಿದ್ದೆ.'

'ನನ್ನನ್ನು ಕೇಳದೆ?' ಎಂದೆ.

'ನಿಮ್ಮನ್ನು ಕೇಳಿದ್ದರೆ ಇನ್ನೊಂದು ಪುಸ್ತಕ ತೆಗೆಯುತ್ತಿದ್ದಿರಿ.'

ಆಮೇಲೆ ಮಿಕ್ಕಿದ್ದು ಹೇಳಿದಳು. ಹೋದ ತಿಂಗಳು ಹನೂರಿನ ಮದುವೆಯೊಂದರಲ್ಲಿ ಅವಳಿಗೆ ಸುದ್ದಿ ಸಿಕ್ಕಿತಂತೆ. ಆರು ವರ್ಷದ ಹಿಂದೆ ಮೊದಲ ಗಂಡನ ತಮ್ಮ ಜೈತೂನ್ ಇರುವ ಹಳ್ಳಿಗೆ ಹೋಗಿ, ಅಣ್ಣ ಸತ್ತಿದ್ದಾನೆಂದು ಯಾರು ಹೇಳಿದರು, ಇದು ಮದುವೆಯ ಮೇಲೆ ಮದುವೆ ಎಂದು ಗಲಾಟೆ ಮಾಡಿದ್ದಾನೆ. ಅಲ್ಲಿಯ ಜಮಾತಿನವರು, ಅಂದರೆ ಮಸೀದಿಯ ಪಂಚಾಯಿತಿಯವರು, ಖಾಜಿಯ ಕಾಗದ ತೋರಿಸು ಎಂದಿದ್ದಾರೆ. ಕಾಗದ ಇರಲಿಲ್ಲ. ಸಂಸಾರವನ್ನು ಜಮಾತಿನಿಂದ ಹೊರಗಿಟ್ಟಿದ್ದಾರೆ. ಏಳು ವರ್ಷದ ಮಗಳಿಗೆ ಮದರಸಾದಲ್ಲಿ ಪಾಠವಿಲ್ಲ. ಹೋದ ವರ್ಷ ನಸ್ರುಲ್ಲಾ ಎದೆನೋವಿನಿಂದ ತೀರಿಕೊಂಡಾಗ ಹೆಣ ಎತ್ತಲು ಯಾರೂ ಬಂದಿಲ್ಲ.

'ಚೀಟಿ?' ಎಂದು ಕೇಳಿದೆ.

'ನಾನೇ ಇಡುತ್ತಿದ್ದೆ. ಬಾಯಲ್ಲಿ ಹೇಳಲು ಧೈರ್ಯ ಸಾಲಲಿಲ್ಲ. ಪುಸ್ತಕದಲ್ಲಿದ್ದರೆ ಮಾತ್ರ ತಾನೇ ನೀವು ಓದುವುದು.'

ಹಾಗಾದರೆ ಬೆರಳು? ಅದನ್ನು ಕೇಳಲಿಲ್ಲ.

5 ನವೆಂಬರ್, ಬುಧವಾರ

ಅವಳು ಬಡಿಸುತ್ತಾಳೆ, ನಾನು ತಿನ್ನುತ್ತೇನೆ. ಉಪ್ಪು ಹೆಚ್ಚಾಗಿತ್ತೋ ಇಲ್ಲವೋ ಗೊತ್ತಾಗಲಿಲ್ಲ.

ಸಂಜೆ ಬೆರಳು ಬಂದವು. ನೋಡುತ್ತಾ ಕೂತೆ.

8 ನವೆಂಬರ್, ಶನಿವಾರ

ಬೆಳಿಗ್ಗೆ ನಾನೇ ರಹಮತ್‌ಗೆ 'ಚಪ್ಪಲಿ ಹಾಕಿಕೋ, ಹೋಗೋಣ' ಎಂದೆ. ಹನೂರು ದಾಟಿ, ಅಜ್ಜೀಪುರದಲ್ಲಿ ಇಳಿದು, ಆಟೋ ಹಿಡಿದು ಆ ಹಳ್ಳಿಗೆ ಹೋದೆವು. ಹಳ್ಳಿಯ ಹೆಸರನ್ನು ಇಲ್ಲೂ ಬರೆಯುವುದಿಲ್ಲ. ತಪ್ಪು ಅಲ್ಲಿಯವರದಲ್ಲ, ಕಾಗದ ಕೇಳುವುದು ಅವರ ಹಕ್ಕು.

ಮನೆ ತೋರಿಸಿದ್ದು ಪಕ್ಕದ ಹೊಲದ ನಾಗಯ್ಯ. ಅರವತ್ತರ ಮೇಲಿನ ವಯಸ್ಸು, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಕುಡುಗೋಲು. ನಮ್ಮನ್ನು ನಂಬದವನಂತೆ ಬಾಗಿಲವರೆಗೂ ಬಂದು, ಅಲ್ಲೇ ಕಟ್ಟೆಯ ಮೇಲೆ ಕೂತ.

ಜೈತೂನ್ ಬಾಗಿಲ ಹಿಂದೆ ನಿಂತಳು. ನಾನು ಸಲಾಂ ಹೇಳಿದೆ. ಆ ಹಳ್ಳಿಯಲ್ಲಿ ಅವಳಿಗೆ ಯಾರೂ ಸಲಾಂ ಹೇಳದೆ ಎಷ್ಟು ಕಾಲವಾಗಿತ್ತೋ, ಉತ್ತರಿಸಲು ಹೊತ್ತು ಹಿಡಿಯಿತು. ರಹಮತ್ ಒಳಗೆ ಹೋಗಿ ಅವಳನ್ನು ತಬ್ಬಿಕೊಂಡಳು. ಒಳಗಿನಿಂದ ಅಳು ಕೇಳಿಸಿತು. ಅಳುತ್ತಿದ್ದದ್ದು ರಹಮತ್.

ನಾಗಯ್ಯನೂ ಕೇಳಲಿ ಎಂದೋ ಏನೋ, ಜೈತೂನ್ ಕನ್ನಡದಲ್ಲೇ ಮಾತಾಡಿದಳು. 'ಜಮಾತಿನೋರು ಕಾಗ್ದ ಕೇಳ್ದಾಗ ನಾನು ನಿಮ್ಮನೇಗೆ ಬಂದಿದ್ದೆ ಹಜರತ್. ಆರ್ ವರ್ಸದ್ ಕೆಳಗೆ. ಮಗೀನ ಸೊಂಟದ ಮೇಲೆ ತಕಂಡು. ಅಮ್ಮ ಮನೇಲಿರ್ನಿಲ್ಲ. ಪರದೆ ಇಂದ್ಲಿಂದ ನೀವು, ಪುಸ್ತಕ ಅಚ್ಚಿಗ್ ಓಯ್ತದೆ, ರಂಜಾನ್ ಕಳದ್ ಮ್ಯಾಕೆ ಬಾ ಅಂದ್ರಿ. ನಾನು ಜೈತೂನ್ ಅನ್ನೋದ್ರೊಳಗೆ ಮಗು ಅತ್ತುಬುಡ್ತು. ಮೊದ್ಲು ಮಗೀನ ಆಚೀಕ್ ಎತ್ಕೊಂಡೋಗು ಅಂದ್ರಿ.'

ಇದು ನನಗೆ ನೆನಪೇ ಇಲ್ಲ. ಅಳುವ ಮಗುವನ್ನು ಎಷ್ಟು ಸಲ ಆಚೆಗೆ ಕಳಿಸಿಲ್ಲ ನಾನು?

ನಸ್ರುಲ್ಲಾನ ಹೆಣ ಎತ್ತಿದ್ದು ಯಾರು ಎಂದು ಕೇಳಿದೆ. ನಾಗಯ್ಯ ಕಟ್ಟೆಯಿಂದಲೇ ಹೇಳಿದ. 'ನಾನು, ನನ್ ತಮ್ಮ ನಿಂಗಯ್ಯ, ಇನ್ನಿಬ್ರು. ಗೂಡು ಯಾಪಾರ ಬುಟ್ಟು ಪಂಚರ್ ಅಂಗ್ಡಿ ಇಟ್ಕಂಡಿದ್ದ, ನನ್ ಟ್ರಾಕ್ಟರ್ ಟೈರ್‌ಗೆ ಯಾವತ್ತೂ ಜಾಸ್ತಿ ಕೇಳ್ದೋನಲ್ಲ. ಸ್ಮಶಾನುಕ್ಕೆ ಬುಡ್ನಿಲ್ಲ ಅಂತ ನನ್ ಹೊಲದ್ ಬದೀಲೇ ಗುಳಿ ತೋಡ್ದೊ. ಏನ್ ಮಂತ್ರ ಏಳ್ಬೇಕೋ ನಮಗ್ ಗೊತ್ತಿರ್ನಿಲ್ಲ ಸಾಬ್ರೇ. ಸುಮ್ಕೆ ಮಣ್ ಮುಚ್ಚುದ್ವಿ.'

ನಮಾಜಿಲ್ಲದೆ ಮಣ್ಣಾದ. ನನ್ನ ಕಾಗದವಿಲ್ಲದ್ದಕ್ಕೆ.

'ಈಗ ಬರೆದುಕೊಡುತ್ತೇನೆ' ಎಂದೆ. ಅವಳು ಬಾಗಿಲ ಸಂದಿನಿಂದ ಕೈ ಚಾಚಿ ಚೌಕಟ್ಟು ಹಿಡಿದಳು. ಆ ಬೆರಳುಗಳಲ್ಲ. ಅರಿಸಿನದ ಹೊಲದ ಕೂಲಿಯಿಂದ ಕರೆ ಹಿಡಿದು, ಒಡೆದು, ಕಪ್ಪಾಗಿದ್ದ ಬೆರಳುಗಳು. ನಾನು ಮನೆಯಲ್ಲಿ ನೋಡುತ್ತಿರುವುದು ಒಂಬತ್ತು ವರ್ಷದ ಹಿಂದಿನವು.

'ಇವತ್ತಿನ ತಾರೀಕು ಆಕಿ ಕೊಟ್ರೆ ಏನ್ ಬಂತು ಹಜರತ್? ಮದ್ವೆ ಆಗಿದ್ದು ಎರ್ಡ್ ಸಾವಿರದ ಅದಿನೇಳ್ರಲ್ಲಿ. ಮಗ್ಳು ಉಟ್ಟಿದ್ದು ಅದಿನೆಂಟ್ರಲ್ಲಿ. ಆಗಿನ ತಾರೀಕು ಆಕ್ಕೊಡಿ. ನನ್ ಮಗ್ಳನ್ನ ಊರೋರ್ ಏನಂತ ಕರೀತಾರೆ ಅಂತ ನನ್ ಬಾಯಲ್ ಏಳುಸ್ಬ್ಯಾಡಿ.'

11 ನವೆಂಬರ್, ಮಂಗಳವಾರ

ಹಿಂದಿನ ತಾರೀಕು ಹಾಕಿ ಒಂದು ಕಾಗದ ಬರೆದೆ. ಅಕ್ಟೋಬರ್ 2016. ಚೆನ್ನಾಗಿ ಬಂದಿದೆ. ಹಳೆಯ ಹಾಳೆಯೂ ಮನೆಯಲ್ಲಿದೆ. ಮೊಹರಿನಲ್ಲಿ ತಾರೀಕಿಲ್ಲ. ಒತ್ತಿದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಅವಳ ಮಗಳಿಗೆ ಪಾಠ, ನನಗೆ ಶಾಲು. ನಾನು ಆವತ್ತೇ ಉತ್ತರ ಕೊಟ್ಟಿದ್ದೆ ಎಂದೂ ಆಗುತ್ತದೆ.

ಮೊಹರು ಕೈಯಲ್ಲಿ ಹಿಡಿದುಕೊಂಡು ಅಸರ್‌ನಿಂದ ಮಗ್ರಿಬ್‌ವರೆಗೆ, ಹೊತ್ತು ಮುಳುಗುವ ತನಕ, ಕೂತಿದ್ದೆ. ಬೆರಳುಗಳು ಪರದೆಯ ಕೆಳಗಿಂದ ಒಳಗೆ ಒಂದು ಗೇಣು ಬಂದಿದ್ದವು. ಆ ಕಾಗದಕ್ಕಾಗಿಯೇ ಚಾಚಿವೆ ಎಂದು ಒಮ್ಮೆ ಅನ್ನಿಸಿತು. ಬೇಡ ಎನ್ನುತ್ತಿವೆ ಎಂದು ಇನ್ನೊಮ್ಮೆ. ಕೇಳಿದವಳು ಅವಳೇ, ಆದರೆ ಲಾಭ ನನಗೂ ಇದೆಯಲ್ಲ. ಅದಕ್ಕೇ ಕೈ ಏಳಲಿಲ್ಲ.

14 ನವೆಂಬರ್, ಶುಕ್ರವಾರ

ರಹಮತ್ ಹಾಲು ಕಾಯಿಸುತ್ತಾ ಹೇಳಿದಳು. 'ತಾರೀಕು ಯಾಕೆ ಹೊಸದಾಗಿ ಹುಟ್ಟಿಸುತ್ತೀರಿ? ಅಚ್ಚಾಗಿ ಕೂತಿದೆಯಲ್ಲ.'

ನಲವತ್ತು ಪುಟದ ಕೊನೆಯ ಸಾಲು! ತೀರ್ಪು ಆವತ್ತೇ ಆಗಿದೆ. ತಾರೀಕಿನ ಸಮೇತ ಅಚ್ಚಾಗಿದೆ. ಇದ್ದತ್ತಿನ ಲೆಕ್ಕ ದೇವಮ್ಮನ ಶೆಡ್ಡಿನ ಗೋಡೆಯ ಮೇಲಿತ್ತು. ಅವಳ ಮದುವೆ ಸರಿಯಾಗಿಯೇ ಇದೆ. ಇಲ್ಲದಿದ್ದದ್ದು ಒಂದೇ: ಲೇಖನದ 'ಒಬ್ಬ ಹೆಂಗಸು' ಜೈತೂನ್ ಬೀ ಎಂದು ಹೇಳುವವನು. ಹೇಳಿದರೆ, ತೀರ್ಪು ಕೊಟ್ಟೂ ಅವಳಿಗೆ ತಿಳಿಸದೆ ಅದನ್ನು ಪುಸ್ತಕ ಮಾಡಿಕೊಂಡೆ ಎಂದೂ ಹೇಳಬೇಕು.

ಹಾಲು ಉಕ್ಕಿತು. ಇಬ್ಬರೂ ನೋಡುತ್ತಾ ನಿಂತಿದ್ದೆವು. ಆಮೇಲೆ ಒಲೆ ಒರೆಸಿದವನು ನಾನು.

ಹೊಸ ಕಾಗದಕ್ಕೆ ಇವತ್ತಿನ ತಾರೀಕೇ ಹಾಕಿದೆ. ನಡೆದದ್ದನ್ನು ನಡೆದ ಹಾಗೆ ಬರೆದು ಮೊಹರು ಒತ್ತಿದೆ. ಹಿಂದಿನ ತಾರೀಕಿನದ್ದು ಒಲೆಗೆ ಹೋಯಿತು.

16 ನವೆಂಬರ್, ಭಾನುವಾರ

ಆ ಹಳ್ಳಿಯ ಜಮಾತಿನ ಅಧ್ಯಕ್ಷರಿಗೆ ನಾನೇ ಫೋನು ಮಾಡಿ ಕರೆದಿದ್ದೆ. ಎರಡನೇ ಸಾಲಿನಲ್ಲಿ ಕೂತಿದ್ದರು. ಮೈಕು ಎರಡು ಸಲ ಕೀರಿಟ್ಟಿತು.

ಭಾಷಣ ಬರೆದಿರಲಿಲ್ಲ. ಚೀಟಿ ಬಿಚ್ಚಿ ಓದಿದೆ. ಆಮೇಲೆ ಲೇಖನದ ಕೊನೆಯ ಸಾಲು ಓದಿದೆ. 'ಈ ಹೆಂಗಸು ಐದು ಸಲ ನನ್ನ ಬಾಗಿಲಿಗೆ ಬಂದಳು. ಮದುವೆ ಮುಗಿಯಿತೆಂದು ಊರೂರಿಗೆ ತಿಳಿಸಿದೆ, ಅವಳಿಗೆ ತಿಳಿಸಲಿಲ್ಲ. ತಿಳಿಸಿದ್ದು ನನ್ನ ಹೆಂಡತಿ, ಅವಳು ಹೇಳಿದ್ದು ಸರಿ. ಜೈತೂನಳ ಎರಡನೇ ಮದುವೆಯಲ್ಲಿ ತಪ್ಪಿಲ್ಲ. ಮಗು ಮದುವೆಯಲ್ಲಿ ಹುಟ್ಟಿದ ಮಗು. ಪಾಪ ಇದ್ದರೆ ಅದು ನನ್ನದು, ನನ್ನ ಹೆಸರಿಗೆ ಬರೆದುಕೊಳ್ಳಿ' ಎಂದೆ. ಮೇಜು ಹಿಡಿದುಕೊಂಡು ನಿಂತಿದ್ದೆ.

ಹಿಂದಿನಿಂದ ಯಾರೋ 'ಛೇ' ಎಂದರು. ಹಣ್ಣಿನ ಬುಟ್ಟಿ ತಂದಿದ್ದವರು ಅದನ್ನು ಎತ್ತಿಕೊಂಡೇ ನಿಂತರು. ಶಾಲು ಪ್ಲಾಸ್ಟಿಕ್ ಕವರಿನಿಂದ ಆಚೆ ಬರಲಿಲ್ಲ. ಅಧ್ಯಕ್ಷರು ನಾನು ಕೊಟ್ಟ ಕಾಗದವನ್ನೂ ಪತ್ರಿಕೆಯ ಪುಟವನ್ನೂ ಎರಡೆರಡು ಸಲ ಓದಿ ಜೇಬಿಗಿಟ್ಟುಕೊಂಡರು. 'ಶನಿವಾರದಿಂದ ಹುಡುಗಿಯನ್ನು ಕಳಿಸಲಿ' ಎಂದರು. ನನ್ನ ಮುಖ ನೋಡಲಿಲ್ಲ.

ನಡೆದುಕೊಂಡೇ ಮನೆಗೆ ಬಂದೆವು. ರಹಮತ್ ದಾರಿಯಲ್ಲಿ ಬಾಳೆಹಣ್ಣು ಕೊಂಡಳು.

18 ನವೆಂಬರ್, ಮಂಗಳವಾರ

ಇಬ್ಬರು ಬಂದು, ವಿಷಯ ತಣ್ಣಗಾಗುವವರೆಗೆ ಮೊಹರು ತಮ್ಮ ಬಳಿ ಇರಲಿ ಎಂದರು. ಕೊಟ್ಟೆ.

ಪರದೆ ಒಗೆಯಲು ಹಾಕಿದ್ದೇವೆ. ಸಂಜೆ ಒಬ್ಬ ಹೆಂಗಸು ಪ್ರಶ್ನೆ ತಂದಿದ್ದಳು, ನಾಲ್ಕು ಕಂದಮ್ಮಗಳ ತಾಯಿ. ನನಗೆ ಗೊತ್ತಿಲ್ಲ, ತಿಳಿದವರನ್ನು ಕೇಳಿ ನಾಳೆ ಸಂಜೆ ನಾನೇ ನಿಮ್ಮ ಮನೆಗೆ ಬಂದು ಹೇಳುತ್ತೇನೆ ಎಂದೆ. ಮಗುವೊಂದು ನನ್ನ ಸಂಪುಟದ ಮೇಲೆ ಕೂತು ಬಿಸ್ಕತ್ತು ತಿಂದಿತು. ನಾಳೆಯ ದಿನ ಮೊದಲು ಹಳ್ಳಿಗೆ ಹೋಗಿ, ಸಂಜೆಯೊಳಗೆ ಹಿಂದಿರುಗಬೇಕು.

19 ನವೆಂಬರ್, ಬುಧವಾರ

ನಾಳೆ ಅಮಾವಾಸ್ಯೆ. ಬಸ್ಸಿನ ತುಂಬ ಮಾದಪ್ಪನ ಬೆಟ್ಟಕ್ಕೆ ಹೋಗುವವರು. ರಹಮತ್‌ಗೆ ಯಾರೋ ಸೀಟು ಬಿಟ್ಟುಕೊಟ್ಟರು, ನಾನು ನಿಂತೇ ಹೋದೆ.

ಜೈತೂನ್ ಬಾಗಿಲಿಂದ ಆಚೆ ಬಂದು ನಿಂತಿದ್ದಳು. ಮೊದಲ ಸಲ ಅವಳ ಮುಖ ನೋಡಿದೆ. ಸಾಧಾರಣ ಮುಖ, ಎಡಗೆನ್ನೆಯಲ್ಲಿ ಒಂದು ಮಚ್ಚೆ. ಮಗಳನ್ನು ಮದರಸಾಕ್ಕೆ ಸೇರಿಸಲು ಅಧ್ಯಕ್ಷರೇ ಹೇಳಿ ಕಳಿಸಿದ್ದಾರಂತೆ. ಅವಳಿಗೆ ಒಂದೇ ವಿಷಯ ಕೇಳಬೇಕಿತ್ತು.

'ಆ ಪುಸ್ತಕದಾಗೆ ನನ್ ಹೆಸ್ರು ಇತ್ತಾ ಹಜರತ್?'

'ಇಲ್ಲಮ್ಮ. ಒಬ್ಬ ಹೆಂಗಸು ಅಂತ ಬರೆದಿದ್ದೆ.'

ಅವಳು ತಲೆ ಆಡಿಸಿದಳು. ಅದಕ್ಕಿಂತ ನಾಲ್ಕು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಸ್ರುಲ್ಲಾನ ಸಮಾಧಿ ತೋರಿಸು ಎಂದೆ. ನಾಗಯ್ಯ ಮುಂದೆ ನಡೆದ. ಹೊಲದ ಬದುವಿನಲ್ಲಿ, ಹೊಂಗೆ ಮರದ ಕೆಳಗೆ, ಸುತ್ತ ಕಲ್ಲು ಜೋಡಿಸಿದ ಮಣ್ಣಿನ ಗುಡ್ಡೆ. ಉಳುವಾಗ ನೇಗಿಲು ತಾಗದ ಹಾಗೆ ಕಲ್ಲಿಟ್ಟಿದ್ದು ತಾನೇ ಎಂದ. ಇಷ್ಟು ಕಾಲ ಕಳೆದ ಸಮಾಧಿಯ ಮುಂದೆ ಜನಾಜಾ ನಮಾಜು, ಅಂದರೆ ಸತ್ತವರಿಗಾಗಿ ಮಾಡುವ ನಮಾಜು, ನಮ್ಮ ಪಂಥದಲ್ಲಿ ಇಲ್ಲ, ಶಾಫಿ ಪಂಥದಲ್ಲಿ ಇದೆ. ಅಲ್ಲೇ ಕೈಕಾಲು ಮುಖ ತೊಳೆದು ವಜೂ ಮಾಡಿ ಎದುರು ನಿಂತೆ. ಹಿಂದೆ ರಹಮತ್, ಜೈತೂನ್, ಮಗು. ನಾಗಯ್ಯ ಟವೆಲ್ಲನ್ನು ತಲೆಯಿಂದ ತೆಗೆದು ಬದುವಿನ ಮೇಲೆ ನಿಂತ.

ನಾಲ್ಕು ಸಲ ಅಲ್ಲಾಹು ಅಕ್ಬರ್, ನಡುವೆ ಸತ್ತವನಿಗಾಗಿ ದುಆ. ನಿಂತೇ ಮಾಡುವುದು, ಬಾಗುವುದೂ ಇಲ್ಲ. ಬಲಕ್ಕೆ ಎಡಕ್ಕೆ ಸಲಾಂ ಹೇಳಿ ಮುಗಿಸಿದೆ.

ನಾಗಯ್ಯ ಇನ್ನೂ ಏನೋ ಇದೆ ಎಂದು ಕಾಯುತ್ತಿದ್ದ. 'ಮುಗೀತಾ ಸಾಬ್ರೇ?'

'ಮುಗೀತು.'

'ಇಷ್ಟೇಯಾ?' ಅವನು ನನ್ನನ್ನೂ ಸಮಾಧಿಯನ್ನೂ ನೋಡಿದ. 'ಐದ್ ನಿಮ್ಸ ಆಯ್ತೋ ಇಲ್ವೋ. ಇಷ್ಟುಕ್ಕಾ ಅವತ್ತು ಬೆಳಗಿಂದ ಸಂಜೆಗಂಟ ಯಾರಾದ್ರೂ ಬತ್ತಾರೆ ಅಂತ ಹೆಣ ಇಟ್ಕಂಡು ಕಾದಿದ್ದು ನಾವು?'